ಪಟ್ಟಿ ಬಿಟ್ಟವರು

೧೧ ಜನವರಿ ೨೦೧೬, ಸೋಮವಾರ, ಬೀದರ

ಮಾಣಿಕರಾವ್ ಇವತ್ತು ಕಮಿಟಿ ಸಭೆಗೆ ಚಹಾದ ಜೊತೆ ಚೂಡಾ, ಬಾಲೂಶಾಹಿ ತರಿಸಿದ್ದರು. ಭಾಲ್ಕಿಯ ಹುಡುಗಿಯರ ಹಾಸ್ಟೆಲ್ ನಡೆಸುವ ನಮ್ಮ ಸಂಘಕ್ಕೆ ಆರು ವರ್ಷದಿಂದ ಅವರೇ ಅಧ್ಯಕ್ಷರು. ಇಷ್ಟು ದಿನ ಬರೀ ಚಹಾ, ಅದೂ ಅರ್ಧ ಕಪ್ಪು. ತಟ್ಟೆ ನೋಡಿದ ಕೂಡಲೇ ಇದರ ಹಿಂದೆ ಏನೋ ಇದೆ ಅನ್ನಿಸಿತು. ಇತ್ತು.

"ಭಾಲ್ಕಿ ಹಾಸ್ಟೆಲ್ ಈ ಜೂನಿಗಿ ಬಂದ್ ಮಾಡೋಣ್ರಿ," ಅಂದರು. "ಬಾವಿ ಬತ್ಯದ. ಟ್ಯಾಂಕರ್ ಮೂರು ದಿನಕ್ಕೊಮ್ಮಿ ಬರ್ತದ. ನಲವತ್ತೆರಡು ಹುಡುಗೇರಿಗಿ ನೀರು ಎಲ್ಲಿಂದ ತರೋದು? ಕಟ್ಟಡ ಫಂಕ್ಷನ್ ಹಾಲಿಗಿ ಕೊಟ್ಟರ ಸಂಘಕ್ಕೂ ಛಲೋ."

ಆ ನಲವತ್ತೆರಡು ಹುಡುಗಿಯರ ತಂದೆತಾಯಿ ದಸರಾ ಮುಗಿಯುತ್ತಲೇ ಗುಳೆ ಹೋದವರು. ಕೆಲವರು ಕಬ್ಬು ಕಡಿಯಲು, ಉಳಿದವರು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ. ಹಾಸ್ಟೆಲ್ ಮುಚ್ಚಿದರೆ ಈ ಮಕ್ಕಳೂ ಅವರ ಹಿಂದೆ ಹೋಗುತ್ತವೆ, ಶಾಲೆ ಅಲ್ಲಿಗೆ ಮುಗಿಯಿತು. ಚಿಂತಾಕಿಯಿಂದ ನನ್ನ ಅವ್ವ ಐದನೇ ಇಯತ್ತೆಗೆ ಅಲ್ಲಿ ತಂದು ಬಿಡದಿದ್ದರೆ ನಾನೂ ಇವತ್ತು ನಿವೃತ್ತ ಶಿಕ್ಷಕಿ ಆಗಿರುತ್ತಿರಲಿಲ್ಲ, ಈ ಡೈರಿ ಬರೆಯಲು ಅಕ್ಷರವೂ ಬರುತ್ತಿರಲಿಲ್ಲ.

ಕಾರ್ಯದರ್ಶಿ ನಾನು. ಬೈಲಾ ತೆಗೆದು ಓದಿದೆ. ಹಾಸ್ಟೆಲ್ ಮುಚ್ಚಬೇಕೋ ಬೇಡವೋ ಎಂಬುದನ್ನು ವಿಶೇಷ ಸರ್ವಸದಸ್ಯರ ಸಭೆಯೇ ಹೇಳಬೇಕು. ಮೂರರಲ್ಲಿ ಒಂದು ಪಾಲು ಸದಸ್ಯರು ಖುದ್ದಾಗಿ ಬಂದು ಕೂಡಬೇಕು. ಕೂಡದಿದ್ದರೆ ಕಮಿಟಿ ಹೇಳಿದ್ದೇ ಕೊನೆ. ಒಟ್ಟು ಸದಸ್ಯರು ೧೨೬೦, ಬೇಕಾದವರು ೪೨೦. ಕಮಿಟಿಯ ಏಳು ಜನರಲ್ಲಿ ಐವರು ಆಗಲೇ ಬಾಲೂಶಾಹಿ ಮುಗಿಸಿದ್ದರು.

"ಕರೀರಿ ಬಾಯಾರ, ಯಾರು ಬ್ಯಾಡ ಅಂದಾರ?" ಎಂದು ಮಾಣಿಕರಾವ್ ನಕ್ಕರು. ಯಾಕೆ ನಕ್ಕರೆಂದು ಗೊತ್ತು. ಸದಸ್ಯರಲ್ಲಿ ಬಹುಪಾಲು ಹಾಸ್ಟೆಲಿನ ಹಳೆಯ ಹುಡುಗಿಯರು, ಪುಣೆ, ಸೋಲಾಪುರ, ಹೈದರಾಬಾದ್, ಎಲ್ಲೆಲ್ಲೋ ಇದ್ದಾರೆ. ಊರು ಬದಲಾದರೆ ಮನೆ ಬದಲು, ಸಿಮ್ ಬದಲು. ವಾಟ್ಸಾಪ್ ಗುಂಪು ಎರಡು ವರ್ಷದ ಹಿಂದೆಯೇ ಜಗಳವಾಗಿ ಮೂರು ಹೋಳಾಯಿತು. ಬದಲಾಗದೆ ಉಳಿದಿರುವುದು ಇ-ಮೇಲ್ ವಿಳಾಸ ಒಂದೇ. ೧೧೦೪ ವಿಳಾಸಗಳ ಪಟ್ಟಿ ನನ್ನ ಹತ್ತಿರ ಇದೆ, ಕಪಾಟಿನಲ್ಲಿ, ಬೀಗ ಹಾಕಿ. ಉಳಿದವರು ಊರಲ್ಲೇ ಇರುವ ಹಿರಿಯರು, ಅವರಿಗೆ ಅಂಚೆ ಸಾಕು.

ಸಾವಿರ ಮೇಲ್ ಒಮ್ಮೆಗೇ ಕಳಿಸುವುದು ಹೇಗೆ? ಜಂಟಿ ಕಾರ್ಯದರ್ಶಿ ಭಾಲಚಂದ್ರ ಕೈ ಎತ್ತಿದ. ನೌಬಾದಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಮನುಷ್ಯ. ಅವನ ಅಕ್ಕ ಈ ಹಾಸ್ಟೆಲಿನಲ್ಲೇ ಓದಿದವಳು. "ಕಳಿಸೋ ಕಂಪನಿಗಳು ಅವರಿ. ಪಟ್ಟಿ ಕೊಟ್ಟರ ಸಾಕು, ಉಳಿದದ್ದು ಅವರೇ ನೋಡ್ಕೋತಾರ."

ಪಟ್ಟಿ ಕೊಟ್ಟರೆ ಸಾಕಂತೆ! ಅವನೂ ಬಾಲೂಶಾಹಿ ತಿಂದಿದ್ದ, ಎರಡು.

೧೫ ಜನವರಿ, ಶುಕ್ರವಾರ

ಚೌಬಾರಾ ಹತ್ತಿರ ಮುನೀರೋದ್ದೀನನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿ, ಗಣಿತದಲ್ಲಿ ಚುರುಕು. ಯಾವ ಕಂಪನಿಯ ಹಂಗೂ ಇಲ್ಲದೆ ನಮ್ಮದೇ ಸರ್ವರಿನಿಂದ ಮೇಲ್ ಕಳಿಸಬಹುದೇ ಎಂದು ಕೇಳಿದೆ.

"ಆಗ್ತದರಿ ಟೀಚರ್. ಪ್ರೋಗ್ರಾಮ್ ಮುಫತ್ ಸಿಗ್ತದ, ಮಿಷನ್ ನಮ್ಮದು. ಪಟ್ಟಿ ಈ ಖೋಲಿ ಬಿಟ್ಟು ಹೊರಗ ಹೋಗಂಗಿಲ್ಲ."

ಈ ಒಂದು ಮಾತು ನನಗೆ ಸಾಕಾಗಿತ್ತು. ಅವನು ಇನ್ನೂ ಹೇಳುತ್ತಲೇ ಇದ್ದ. ಹೊಸ ಸರ್ವರಿನ ಗುರುತು ಯಾರಿಗೂ ಇರುವುದಿಲ್ಲವಂತೆ. ಮೊದಲು ದಿನಕ್ಕೆ ಐವತ್ತು, ಆಮೇಲೆ ನೂರು, ಹೀಗೆ ನಿಧಾನವಾಗಿ ಹೆಸರು ಗಳಿಸಬೇಕಂತೆ. ಕರೆಂಟು ಹೋದರೆ, ಗಂಟು ಬಿದ್ದರೆ, ಎಲ್ಲ ನಾವೇ ಬಿಡಿಸಿಕೊಳ್ಳಬೇಕಂತೆ. ಆಗಲಿ. ನಮ್ಮ ಮನೆಯ ಗಂಟು ನಾವು ಬಿಡಿಸುವುದರಲ್ಲಿ ಅವಮಾನವೇನಿಲ್ಲ.

ಪೂರ್ತಿ ಪಟ್ಟಿ ಅವನಿಗೂ ಕೊಟ್ಟಿಲ್ಲ. ಪರೀಕ್ಷೆಗೆ ಐವತ್ತು ಹೆಸರು, ಕೈಯಲ್ಲಿ ಬರೆದುಕೊಟ್ಟೆ.

೨೨ ಜನವರಿ, ಶುಕ್ರವಾರ

ಐವತ್ತರಲ್ಲಿ ಮೂವತ್ತೆಂಟು ಸ್ಪ್ಯಾಮಿಗೆ ಬಿದ್ದಿವೆ. ಒಬ್ಬೊಬ್ಬರನ್ನೇ ಫೋನಿನಲ್ಲಿ ಹುಡುಕಿ ಕೇಳಿದೆ. ಲಾಟರಿ ಗೆದ್ದಿರಿ, ಬೋಳುತಲೆಗೆ ಎಣ್ಣೆ, ಇವುಗಳ ನಡುವೆ ನಮ್ಮ ಹಾಸ್ಟೆಲಿನ ಕಾಗದ!

ಮುನೀರೋದ್ದೀನ ಮುಖ ಸಣ್ಣದು ಮಾಡಿಕೊಂಡ. "ಮೂರು ತಿಂಗಳು ಟೈಮ್ ಕೊಟ್ಟರ ಸರಿ ಆಗ್ತದರಿ." ನನ್ನ ಹತ್ತಿರ ಮೂರು ತಿಂಗಳು ಎಲ್ಲಿದೆ?

ಭಾಲಚಂದ್ರ ಇದು ಹೀಗೇ ಆಗುತ್ತದೆ ಎಂದು ಮೊದಲೇ ಹೇಳಿದ್ದ. ಮೊದಲೇ ಹೇಗೆ ಗೊತ್ತಿತ್ತು? ಅವನೇ ಏನಾದರೂ ಕೈ ಆಡಿಸಿದನೋ ಎಂದು ಮುನೀರೋದ್ದೀನನನ್ನು ಕೇಳಿದೆ. "ತೌಬಾ! ಆ ಮನುಷ್ಯ ಈ ಅಂಗಡಿಗಿ ಕಾಲೇ ಇಟ್ಟಿಲ್ರಿ," ಅಂದ. ಕಾಲಿಡದೆಯೂ ಇಂಥ ಕೆಲಸ ಮಾಡುವವರು ಇರುತ್ತಾರಲ್ಲ.

೨೯ ಜನವರಿ, ಶುಕ್ರವಾರ

ಬೇರೆ ದಾರಿಯಿಲ್ಲದೆ ಕಂಪನಿಗೇ ಒಪ್ಪಿದೆ. ಮೇಲ್ ಮುಟ್ಟುವುದು ಮುಖ್ಯ.

ಭಾಲಚಂದ್ರ ಮನೆಗೆ ಬಂದು ಎರಡು ತಾಸು ಕಲಿಸಿದ. ಪಟ್ಟಿ ಏರಿಸುವುದು ಹೀಗೆ, ಮೇಲ್ ಬರೆಯುವುದು ಹೀಗೆ, ಎಷ್ಟು ಜನ ತೆರೆದು ನೋಡಿದರು ಎಂಬ ಲೆಕ್ಕ ಇಲ್ಲಿ. ತಾಳ್ಮೆಯಿಂದಲೇ ಹೇಳಿಕೊಟ್ಟ. ಇಷ್ಟು ತಾಳ್ಮೆ ಯಾಕೆ ಎಂದು ಅವನು ಹೋದ ಮೇಲೆ ಯೋಚಿಸಿದೆ.

ಪಾಸ್‌ವರ್ಡ್ ಹಾಕುವಾಗ ಅವನಿಗೆ ಅಡುಗೆಮನೆಯಿಂದ ನೀರು ತರಲು ಹೇಳಿದೆ. ಪಾಪ, ತಂದ.

ಹೋಗುವಾಗ ಬಾಗಿಲಲ್ಲಿ ನಿಂತು, "ಕಳಿಸೋಕಿಂತ ಮದಲ ನನಗ ಒಂದ್ಸಲ ತೋರಸ್ರಿ ಬಾಯಾರ. ಎರಡು ಕಣ್ಣಿಗಿಂತ ನಾಕು ಕಣ್ಣು ಛಲೋ," ಎಂದ. ನನ್ನ ಎರಡು ಕಣ್ಣಿಗೆ ಏನಾಗಿದೆ? ಮಾಣಿಕರಾವ್‌ಗೆ ಮೊದಲೇ ಸುದ್ದಿ ಮುಟ್ಟಿಸಬೇಕಾಗಿರಬೇಕು. ಹೂಂ ಅಂದೆ, ಅಷ್ಟೇ.

೪ ಫೆಬ್ರವರಿ, ಗುರುವಾರ

ಕಾಗದ ತಯಾರು. ಯಾರಿಗೂ ತೋರಿಸಿಲ್ಲ.

ಕಂಪನಿಯದೊಂದು ಹಟ ಇದೆ. ಪ್ರತಿ ಮೇಲಿನ ಕೆಳಗೆ, ಪಟ್ಟಿ ಬಿಡಬೇಕೆನ್ನುವವರು ಒತ್ತಲು ಒಂದು ಗುಂಡಿ ಇರಲೇಬೇಕು. ಇಲ್ಲದಿದ್ದರೆ ಮೇಲ್ ಕಳಿಸುವುದೇ ಇಲ್ಲ. ಮುನೀರೋದ್ದೀನನ ಮಿಷನ್ನಿಗೆ ಇಂಥ ಹಟ ಇರಲಿಲ್ಲ. ಗುಂಡಿಯ ಮೇಲಿನ ಮಾತು ಇಂಗ್ಲಿಷಿನಲ್ಲಿತ್ತು, ಬೇಕಾದ ಭಾಷೆಯಲ್ಲಿ ಬದಲಿಸಿಕೊಳ್ಳಿ ಎಂದಿತ್ತು.

"ಪಟ್ಟಿಯಿಂದ ಹೆಸರು ತೆಗೆಯಿರಿ" ಎಂದು ಬರೆದೆ, ಅಳಿಸಿದೆ. ರೇಷನ್ ಪಟ್ಟಿಯಿಂದ, ಮತದಾರರ ಪಟ್ಟಿಯಿಂದ ಹೆಸರು ಹೋಗುವುದೆಂದರೆ ಏನೆಂದು ಗುಳೆ ಹೋದವರ ಮಕ್ಕಳಿಗೆ ಗೊತ್ತು. ಓದಿದರೇ ಎದೆ ಧಸಕ್ಕೆನ್ನುತ್ತದೆ. "ಹೋಗುತ್ತೇನೆ" ಎಂದು ಬರೆದೆ, ಛೇ, ಅದು ಇನ್ನೂ ಕೆಟ್ಟದ್ದು. ನಮ್ಮ ಕಡೆ ಯಾರು ತಾನೆ ಹೊಸ್ತಿಲಲ್ಲಿ ನಿಂತು ಹೋಗ್ತೇನಿ ಅನ್ನುತ್ತಾರೆ? ಅಂದರೆ ಮನೆಯ ಹಿರಿಯರು ಬಾಯಿಗೆ ಕೈ ಇಡುತ್ತಾರೆ. ಕೊನೆಗೆ ಮನೆ ಬಿಟ್ಟು ಹೊರಡುವಾಗ ಏನು ಹೇಳುತ್ತೇವೋ ಅದನ್ನೇ ಇಟ್ಟೆ: "ಬರ್ತೇನ್ರಿ". ಒಳ್ಳೆಯ ಮಾತು, ಯಾರ ಮನಸ್ಸೂ ನೋಯುವುದಿಲ್ಲ. ಒತ್ತಿದ ಮೇಲೆ ಕಾಣುವ ಪುಟಕ್ಕೂ ನಾನೇ ಎರಡು ಸಾಲು ಬರೆದೆ: "ಆಗಲಿ. ನಿಮಗೆ ಒಳ್ಳೆಯದಾಗಲಿ, ಹಾಸ್ಟೆಲನ್ನು ಮರೆಯಬೇಡಿ."

೫ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಹನ್ನೊಂದಕ್ಕೆ ಕಳಿಸಿದೆ. ಕೊನೆಯ ಗಳಿಗೆಯಲ್ಲಿ ಕಾಗದ ಸಪ್ಪೆ ಅನ್ನಿಸಿ ಅಡಿಯಲ್ಲಿ ಒಂದು ಸಾಲು ಸೇರಿಸಿದೆ. ಈಗ ಅದು ಹೀಗಿದೆ: ಹಾಸ್ಟೆಲ್ ಮುಚ್ಚುವ ಮಾತು ನಡೆದಿದೆ. ಏಪ್ರಿಲ್‌ನಲ್ಲಿ ಭಾಲ್ಕಿಯಲ್ಲಿ ಸಭೆ. ದಿನ ಗೊತ್ತಾದ ಮೇಲೆ ಇದೇ ರೀತಿ ಮೇಲ್ ಬರುತ್ತದೆ. ಅಭಿಪ್ರಾಯವನ್ನು ಈ ಮೇಲಿಗೇ ಬರೆದು ತಿಳಿಸಿ. ನಾವು ಉಂಡು ಓದಿದ ಮನೆ ಅದು. ಸಭೆಗೆ ಬರ್ತೀರಾ?

ಓದುವಾಗ ನನ್ನ ಕಣ್ಣೇ ತುಂಬಿತು. ಇನ್ನು ಉತ್ತರಗಳು ಬರಲಿ.

೬ ಫೆಬ್ರವರಿ, ಶನಿವಾರ

ಒಂಬತ್ತು ಉತ್ತರ. ಸಾವಿರದ ನೂರರಲ್ಲಿ ಒಂಬತ್ತು. ಪಟ್ಟಿಯ ಲೆಕ್ಕ ೧೧೦೪ ಇದ್ದದ್ದು ೯೩೭ ಆಗಿದೆ. ಉಳಿದವರು ಎಲ್ಲಿ?

೧೨ ಫೆಬ್ರವರಿ, ಶುಕ್ರವಾರ

೭೨೦.

ಕಂಪನಿಗೆ ಫೋನ್ ಮಾಡಿದೆ. ಹೈದರಾಬಾದಿನ ಒಬ್ಬ ಹುಡುಗಿ, ಬಹಳ ವಿನಯ, ಅವರೇ ತಾವಾಗಿ ಬಿಟ್ಟಿದ್ದಾರೆ ಮೇಡಂ ಎಂದಳು. ಹಾಸ್ಟೆಲಿನ ಅನ್ನ ಉಂಡವರು, ಆ ಕಾಗದ ಓದಿ, ತಾವಾಗಿ ಬಿಡುತ್ತಾರೆಯೇ? ಕಂಪನಿಯೇ ಹೆಸರು ನುಂಗಿ ಬೇರೆ ಯಾರಿಗೋ ಮಾರುತ್ತಿದೆ.

೨೧ ಫೆಬ್ರವರಿ, ಭಾನುವಾರ

೫೪೧. ಮಾಣಿಕರಾವ್ ಪೇಟೆಯಲ್ಲಿ ಸಿಕ್ಕರು. "ಹ್ಯಾಂಗ ನಡದದ ಬಾಯಾರ, ಬರ್ತಾರೇನು ಮಂದಿ?" ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಗೊತ್ತಾಯಿತು, ಲೆಕ್ಕ ಅವರಿಗೆ ಮುಟ್ಟುತ್ತಿದೆ. ಮುಟ್ಟಿಸುವವರು ಯಾರು? ಕಂಪನಿ ತೋರಿಸಿದವರು ಯಾರು? ಮನಸ್ಸು ಪುನಃ ಪುನಃ ಒಬ್ಬನ ಹತ್ತಿರವೇ ಹೋಗಿ ನಿಲ್ಲುತ್ತದೆ.

೩ ಮಾರ್ಚ್, ಗುರುವಾರ, ಭಾಲ್ಕಿ

ಹಾಸ್ಟೆಲಿಗೆ ಹೋಗಿದ್ದೆ. ಹಲಬರ್ಗಾ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹೊಲ ಬೋಳು, ಕಣ್ಣು ಹಾಯಿಸಲು ಮನಸ್ಸಾಗಲಿಲ್ಲ. ಟ್ಯಾಂಕರ್ ಇವತ್ತು ಬರುವ ದಿನ, ಬಂದಿರಲಿಲ್ಲ. ಹುಡುಗಿಯರು ಕೊಡಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲೇ ಕುಳಿತು ಪಾಠ ಓದುತ್ತಿದ್ದರು. ಒಬ್ಬೊಬ್ಬರಿಗೆ ಸ್ನಾನ ವಾರಕ್ಕೆ ಎರಡು ಸಲ.

ಅಡುಗೆಯ ಜಿಜಾಬಾಯಿ ಕೇಳಿದಳು: "ಬಾಯಾರ, ಹುಡುಗೇರು ಕೇಳ್ತಾವ. ಜೂನಿಗಿ ನಾವು ಇಲ್ಲೇ ಇರ್ತೇವೋ, ಇಲ್ಲೋ ಅಂತ. ಏನು ಹೇಳಲಿ?"

ಇರ್ತೀರಿ ಅಂತ ಹೇಳು ಎಂದೆ. ಅವಳು ಹೋಗಿ ಹೇಳಿಬಿಟ್ಟಳು. ಹುಡುಗಿಯರೆಲ್ಲ ತಿರುಗಿ ನನ್ನನ್ನು ನೋಡಿದರು. ನನಗೆ ಹೆದರಿಕೆಯಾಯಿತು.

೯ ಮಾರ್ಚ್, ಬುಧವಾರ

ಪಟ್ಟಿ ಬಿಟ್ಟವರ ಹೆಸರು ನೋಡುವುದು ಹೇಗೆಂದು ಇವತ್ತು ಗೊತ್ತಾಯಿತು. ಯಾರು, ಯಾವ ದಿನ, ಯಾವ ಗಳಿಗೆ, ಎಲ್ಲ ಇದೆ. ಮೊಟ್ಟಮೊದಲು ಬಿಟ್ಟವರ ಹೆಸರು:

ಭಾಲಚಂದ್ರ. ೫ ಫೆಬ್ರವರಿ, ಹನ್ನೊಂದು ಗಂಟೆ ಏಳು ನಿಮಿಷ.

ಏಳೇ ನಿಮಿಷ! ಕಾಗದ ಪೂರ್ತಿ ಓದಿರಲೂ ಇಲ್ಲ. ದಾರಿ ತೋರಿಸಿಕೊಟ್ಟು, ಮೊದಲ ಹೆಜ್ಜೆ ತಾನೇ ಇಟ್ಟಿದ್ದಾನೆ. ಪ್ರಿಂಟ್ ತೆಗೆಸಿದೆ.

೧೦ ಮಾರ್ಚ್, ಗುರುವಾರ

ಕಮಿಟಿಯಲ್ಲಿ ಎಲ್ಲರ ಮುಂದೆ ಪ್ರಿಂಟ್ ಇಟ್ಟೆ. ವಿಶ್ವಾಸದ್ರೋಹ ಎಂದೆ. ಆ ಶಬ್ದ ಬಾಯಿಂದ ಬಂದಾಗ ನನಗೇ ಬಿಸಿ ತಟ್ಟಿತು, ಆದರೂ ಎರಡನೇ ಸಲ ಹೇಳಿದೆ.

ಅವನು ಕಾಗದ ಎತ್ತಿಕೊಂಡು ತುಂಬಾ ಹೊತ್ತು ನೋಡಿದ. "ನಾ ಬಿಟ್ಟಿಲ್ರಿ ಬಾಯಾರ. ಇದು ಹ್ಯಾಂಗ ಬಂತೋ ನನಗ ಗೊತ್ತಿಲ್ರಿ."

"ಕಂಪನಿ ಸುಳ್ಳು ಹೇಳ್ತದೇನು? ನೀವೇ ಭರೋಸಾ ಕೊಟ್ಟ ಕಂಪನಿ."

ಅವನು ಪ್ರಿಂಟನ್ನು ಮಡಚಿ ಮೇಜಿನ ಮೇಲೆ ಇಟ್ಟ. ಮಾಣಿಕರಾವ್ ಛಾವಣಿ ನೋಡುತ್ತ ಕುಳಿತಿದ್ದರು. ಅವನು ಅಲ್ಲೇ ರಾಜೀನಾಮೆ ಬರೆದುಕೊಟ್ಟು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ತಿರುಗಿ, ಅಂಥ ಹೊತ್ತಿನಲ್ಲೂ ರೂಢಿ ಬಿಡದೆ, "ಬರ್ತೇನ್ರಿ" ಎಂದ. ಇನ್ನೆಲ್ಲಿ ಬರುತ್ತಾನೆ? ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದೆ, ನನ್ನ ಕೈಯಿಂದಲೇ.

೧೧ ಮಾರ್ಚ್, ಶುಕ್ರವಾರ

ಊಟ ಸೇರಲಿಲ್ಲ. ಬಿಸಿಲು ಜಾಸ್ತಿ, ಅದಕ್ಕೇ ಇರಬೇಕು.

೧೮ ಮಾರ್ಚ್, ಶುಕ್ರವಾರ

ದಿನ ಗೊತ್ತಾಯಿತು. ಏಪ್ರಿಲ್ ಹದಿನೇಳು, ಭಾನುವಾರ. ಹದಿನಾಲ್ಕರ ಜಯಂತಿಗೆ ನಮ್ಮ ಮಂದಿ ಎಲ್ಲಿದ್ದರೂ ಊರಿಗೆ ಬರುತ್ತಾರೆ, ಮೂರು ದಿನ ಹೆಚ್ಚು ಇದ್ದು ಸಭೆಗೂ ಬರಲಿ ಎಂದು. ನೋಟಿಸ್ ಹದಿನೈದು ದಿನ ಮೊದಲು ಹೋಗಬೇಕು, ಅಂದರೆ ಏಪ್ರಿಲ್ ಎರಡಕ್ಕೆ ಗಡುವು.

ಊರಿನ ಹಿರಿಯರಿಗೆ ಅಂಚೆ ಹಾಕಿ, ಉಳಿದವರಿಗೆ ಮೇಲ್ ಕಳಿಸಿದೆ. ಹೋದದ್ದು ೪೯೮ ಜನರಿಗೆ. ಎಲ್ಲರೂ ಬಂದರೂ ಕಷ್ಟದಲ್ಲಿ ಗೆಲ್ಲುತ್ತೇವೆ. ಎಲ್ಲರೂ ಯಾವ ಸಭೆಗೂ ಬಂದದ್ದಿಲ್ಲ.

೨೬ ಮಾರ್ಚ್, ಶನಿವಾರ

ಉತ್ತರ ನಾಲ್ಕು. ಮೂವರು ಬರಲಾಗುವುದಿಲ್ಲ ಎಂದಿದ್ದಾರೆ. ನಾಲ್ಕನೆಯದು ಯಾರೋ ಸೀರೆ ಮಾರುವವರದು.

೨೯ ಮಾರ್ಚ್, ಮಂಗಳವಾರ

ಇದನ್ನು ಇವತ್ತೇ ಬರೆಯಬೇಕು.

ಮಧ್ಯಾಹ್ನ ಫಕ್ರುನ್ನಿಸಾ ಬಂದಿದ್ದಳು. ಬಗದಲ್‌ನವಳು, ಹಾಸ್ಟೆಲಿನಲ್ಲಿ ಎಂಟು ವರ್ಷ ಇದ್ದವಳು, ಈಗ ಸಂಗಾರೆಡ್ಡಿಯಲ್ಲಿ ನರ್ಸ್. ಚಪ್ಪಲಿ ಬಿಡುವ ಮೊದಲೇ ಜಗಳಕ್ಕೆ ನಿಂತಳು.

"ಏನ್ರಿ ಬಾಯಾರ ಇದು! ನಾವು ಎಂಟು ಮಂದಿ ಜೀಪ್ ಹೇಳಿಟ್ಟು ಕುಂತೇವಿ. ತಾರೀಖು ಕಳಸ್ತೇವಿ ಅಂದ್ರಿ, ಎಲ್ಲದ? ಡ್ಯೂಟಿ ಬದಲ ಮಾಡ್ಕೋಬೇಕೋ ಬ್ಯಾಡೋ?"

"ಪಟ್ಟಿ ಬಿಟ್ಟವರಿಗಿ ತಾರೀಖು ಎಲ್ಲಿಂದ ಬರ್ತದ?" ಎಂದು ನಾನೂ ಬಿರುಸಾಗಿಯೇ ಹೇಳಿದೆ. ಅವಳ ಹೆಸರೂ ಬಿಟ್ಟವರಲ್ಲಿತ್ತು, ನೋಡಿದ್ದೆ.

"ಯಾರು ಬಿಟ್ಟಾರ? ನೀವು ಬರ್ತೀರಾ ಅಂತ ಕೇಳೀರಿ, ನಾ ಬರ್ತೇನ್ರಿ ಅಂತ ಒತ್ತೀನಿ. ಒತ್ತಿದ ಮ್ಯಾಲ ಆಗಲಿ, ಒಳ್ಳೇದಾಗಲಿ ಅಂತ ನೀವೇ ಹೇಳೀರಿ. ನೋಡ್ರಿ!"

ಫೋನು ನನ್ನ ಕಣ್ಣಿಗೆ ಹಿಡಿದಳು. ಕಂಪ್ಯೂಟರಿನಲ್ಲಿ ನಾನು ಕಾಗದವನ್ನೊಂದು ಕಡೆ, ಗುಂಡಿಯನ್ನೊಂದು ಕಡೆ ಬರೆದಿದ್ದೆ. ಎರಡನ್ನೂ ಒಟ್ಟಿಗೆ ನೋಡಿದ್ದು ಇದೇ ಮೊದಲು.

ಸಭೆಗೆ ಬರ್ತೀರಾ?
ಬರ್ತೇನ್ರಿ

ಆರುನೂರ ಆರು ಜನ. ಬರುತ್ತೇನೆ ಎಂದವರನ್ನೆಲ್ಲ ನಾನೇ ಪಟ್ಟಿಯಿಂದ ಹೊರಗೆ ಹಾಕಿದೆ. ತಾರೀಖು ಕಳಿಸಿದ್ದು ಒತ್ತದೆ ಸುಮ್ಮನೆ ಇದ್ದವರಿಗೆ. ಮತ್ತು ಮೊಟ್ಟಮೊದಲು, ಏಳು ನಿಮಿಷದಲ್ಲಿ, ಬರುತ್ತೇನೆ ಎಂದವರು ಭಾಲಚಂದ್ರ.

ಫಕ್ರುನ್ನಿಸಾ ನೀರು ತಂದು ಕುಡಿಸಿದಳು. ನಾನು ಅತ್ತೆ. ಹುಡುಗಿಯ ಮುಂದೆ ಅಳಬಾರದಿತ್ತು.

೩೦ ಮಾರ್ಚ್, ಬುಧವಾರ

ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿ ಆ ಆರುನೂರ ಆರು ಹೆಸರು ಮರಳಿ ಹಾಕಿ ಎಂದು ಬೇಡಿಕೊಂಡೆ. ಅದೇ ಹುಡುಗಿ, ಅದೇ ವಿನಯ. ತಾವಾಗಿ ಬಿಟ್ಟವರಿಗೆ ಅವರ ಒಪ್ಪಿಗೆ ಇಲ್ಲದೆ ನಾವು ಕಳಿಸುವುದಿಲ್ಲ ಮೇಡಂ, ಯಾರು ಹೇಳಿದರೂ ಕಳಿಸುವುದಿಲ್ಲ. ಅವಳಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮುನೀರೋದ್ದೀನನ ಮಿಷನ್ ಇನ್ನೂ ದಿನಕ್ಕೆ ಐವತ್ತರಲ್ಲೇ ಇದೆ. ಗಡುವಿಗೆ ಮೂರು ದಿನ.

ನೌಬಾದಿಗೆ ಹೋದೆ. ಭಾಲಚಂದ್ರ ಅವರ ಹೆಂಡತಿ ಬಾಗಿಲು ತೆರೆದರು, ನನ್ನನ್ನು ನೋಡಿ ಒಳಗೆ ಕರೆಯಲೋ ಬೇಡವೋ ಎಂದು ಒಂದು ಗಳಿಗೆ ನಿಂತರು. ಕರೆದರು. ನಾನು ಕುಳಿತುಕೊಳ್ಳದೆ ಭಾಲಚಂದ್ರ ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಗುಂಡಿಯ ಮಾತು ನನ್ನದು, ಕೊನೆಯ ಸಾಲು ನನ್ನದು, ನಿಮಗೆ ತೋರಿಸದೆ ಕಳಿಸಿದ್ದೂ ನಾನೇ, ತಪ್ಪಾಯಿತು ಎಂದೆ.

ಅವರು ಮುಂದಿದ್ದ ಕ್ಲಾಸಿನ ಹಾಜರಿ ಪುಸ್ತಕ ಮುಚ್ಚಿಟ್ಟರು.

"ಆವತ್ತು ಬಸ್ಸಿನ್ಯಾಗ ಇದ್ದೆರಿ," ಅಂದರು. "ಮೇಲ್ ಬಂತು, ಒತ್ತಿ ಕಿಸೆದಾಗ ಇಟ್ಕೊಂಡೆ. ಅಕ್ಕನಿಗೂ ಫೋನ್ ಮಾಡಿ ಒತ್ತು ಅಂದೆ. ನೀವು ಆ ಶಬ್ದ ಅಂದ ಮ್ಯಾಲ ಮತ್ತ ಆ ಮೇಲ್ ತೆಗೆದು ನೋಡೋ ಮನಸೇ ಆಗಲಿಲ್ಲ. ನೋಡಿದ್ದರ ತಿಳೀತಿತ್ತೇನೋ."

"ಮಾಫ್ ಮಾಡ್ರಿ."

"ಮಾಡ್ತೇನ್ರಿ. ಆದರ ಆ ಕಮಿಟಿದಾಗ ಮತ್ತ ಕುಂದ್ರಂಗಿಲ್ಲ. ಐದು ಮಂದಿ ಮುಂದ ಆಗಿದ್ದು ಅದು. ಓಣಿ ತುಂಬ ಸುದ್ದಿ ಆಗ್ಯದ. ನನ್ನ ಕ್ಲಾಸಿಗಿ ಬರೋ ಹುಡುಗರ ತಂದಿಗಳು ಕೇಳ್ತಾರ."

ನಾನು ಇನ್ನೂ ನಿಂತೇ ಇದ್ದೆ. ಅವರೇ ಕುರ್ಚಿ ಎಳೆದು ಕೊಟ್ಟರು. "ಅದು ಇರಲಿ, ಮದಲ ಹುಡುಗೇರ ಕೆಲಸ ನೋಡೋಣ್ರಿ. ಮಿಷನ್ನೂ ಬ್ಯಾಡ, ಕಂಪನಿನೂ ಬ್ಯಾಡ. ಪಟ್ಟಿ ಹಂಚಿಬಿಡ್ರಿ. ಇಪ್ಪತ್ತು ಮಂದಿಗಿ ಮೂವತ್ತ ಮೂವತ್ತ ಹೆಸರು. ತಮ್ಮ ತಮ್ಮ ಮೇಲಿನಿಂದ, ತಮ್ಮ ಹೆಸರು ಹಾಕಿ ಬರೀಲಿ. ಗುರುತಿನವರ ಕಾಗದ ಸ್ಪ್ಯಾಮಿಗಿ ಹೋಗಂಗಿಲ್ರಿ."

ಸಂಜೆ ಪಟ್ಟಿಯನ್ನು ಇಪ್ಪತ್ತು ತುಂಡು ಮಾಡಿ ಹದಿನೆಂಟು ಜನರಿಗೆ ಕಳಿಸಿದೆ. ಕೊನೆಯ ಎರಡು ತುಂಡು ಒಬ್ಬಳಿಗೇ ಹೋಗಬೇಕಿತ್ತು, ಅವಳಿಗೆ ಜ್ವರ. ನಾನೇ ಇಟ್ಟುಕೊಂಡೆ, ಅರವತ್ತೆರಡು ಹೆಸರು.

೨ ಏಪ್ರಿಲ್, ಶನಿವಾರ

ಎಲ್ಲರೂ ಮುಗಿಸಿದ್ದಾರೆ. ಔರಾದಿನ ಪ್ರೈಮರಿ ಶಾಲೆಯ ಶಿಕ್ಷಕಿಯೊಬ್ಬಳು ಪಕ್ಕದ ಕ್ಲಾಸಿನವಳನ್ನೂ ಕೂರಿಸಿಕೊಂಡು ಬರೆದಳಂತೆ. ಆ ಪಕ್ಕದವಳು ಯಾರು, ಅವಳ ಕೈಗೆ ಪಟ್ಟಿ ಯಾಕೆ ಹೋಯಿತು ಎಂದು ಕೇಳಲು ಮರೆತೇಬಿಟ್ಟೆ.

ನನ್ನದು ಮಾತ್ರ ಉಳಿದಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುತ್ತ ಕುಳಿತೆ. ನಿನ್ನ ಮಂಚ ಕಿಟಕಿಯ ಹತ್ತಿರ ಇತ್ತು, ನಿನಗೆ ಪ್ರತಿ ಚಳಿಗಾಲ ಕೆಮ್ಮು, ಹೀಗೆಲ್ಲ. ಹನ್ನೊಂದು ಕಾಗದ ಬರೆಯುವಷ್ಟರಲ್ಲಿ ದಿನ ಮುಗಿಯಿತು.

೪ ಏಪ್ರಿಲ್, ಸೋಮವಾರ

ಉಳಿದ ಐವತ್ತೊಂದು ಕಾಗದ ಇವತ್ತು ಹೋದವು, ಗಡುವು ದಾಟಿ ಎರಡು ದಿನ. ಬೈಲಾ ಪ್ರಕಾರ ತಪ್ಪು. ಯಾರಿಗೂ ಗೊತ್ತಿಲ್ಲ, ನನ್ನೊಬ್ಬಳನ್ನು ಬಿಟ್ಟು.

೧೬ ಏಪ್ರಿಲ್, ಶನಿವಾರ, ಭಾಲ್ಕಿ

ಜಯಂತಿ ಮುಗಿದಿದೆ, ಊರಿನಲ್ಲಿ ನೀಲಿ ಪತಾಕೆಗಳು ಹಾಗೇ ಇವೆ. ಹಾಸ್ಟೆಲಿನ ವರಾಂಡದಲ್ಲಿ ಆಗಲೇ ಎಂಬತ್ತು ಜನ ಬಂದು ಹಾಸಿಗೆ ಹಾಸಿದ್ದಾರೆ. ಪುಣೆಯವರು ನೀರಿನ ಕ್ಯಾನುಗಳನ್ನು ಜೀಪಿನ ಮೇಲೆ ಕಟ್ಟಿಕೊಂಡೇ ಬಂದಿದ್ದಾರೆ, ಹುಡುಗಿಯರ ನೀರು ಮುಟ್ಟಬಾರದು ಎಂದು.

ನಾಳೆಯ ಕಾರ್ಯಕ್ರಮ ಬರೆದೆ. ನಮ್ಮಲ್ಲಿ ಮೊದಲ ಕಲಾಪ ಎಂದರೆ ಕಮಿಟಿಯ ಹಿಂದಿನ ನಡಾವಳಿ ಓದುವುದು, ಸದಸ್ಯರು ಮಂಜೂರ್ ಅನ್ನುವುದು. ಮಾರ್ಚ್ ಹತ್ತರ ಪುಟವೂ ಅದರಲ್ಲಿದೆ. "ಶ್ರೀ ಭಾಲಚಂದ್ರ ಅವರು ಸಂಘಕ್ಕೆ ವಿಶ್ವಾಸದ್ರೋಹ ಮಾಡಿರುವುದು ಕಂಡುಬಂದಿದೆ." ನನ್ನದೇ ಅಕ್ಷರ, ದುಂಡಗೆ.

ಎರಡು ಪುಟ ಒಟ್ಟಿಗೆ ತಿರುವಿದರೆ ಯಾರಿಗೂ ಗೊತ್ತಾಗುವುದಿಲ್ಲ. ಓದಿದರೆ ಅದು ಯಾಕೆ ಸುಳ್ಳು ಎಂದು ಹೇಳಬೇಕು. ಹೇಳಿದರೆ ನೋಟಿಸಿನ ಕಥೆಯೆಲ್ಲ ಹೊರಗೆ ಬರುತ್ತದೆ, ತಡವಾದದ್ದೂ ಬರುತ್ತದೆ. ಮಾಣಿಕರಾವ್ ಅಷ್ಟನ್ನೇ ಹಿಡಿದು ಸಭೆ ರದ್ದು ಅನ್ನಬಹುದು. ಒಂದು ಕಡೆ ನಲವತ್ತೆರಡು ಹುಡುಗಿಯರು, ಇನ್ನೊಂದು ಕಡೆ ಒಬ್ಬ ಮನುಷ್ಯನ ಹೆಸರು. ಹುಡುಗಿಯರೇ ದೊಡ್ಡವರು, ಪುಟ ಬಿಟ್ಟುಬಿಡುತ್ತೇನೆ.

೧೭ ಏಪ್ರಿಲ್, ಭಾನುವಾರ, ಭಾಲ್ಕಿ

ಹನ್ನೊಂದೂವರೆಗೆ ಹಾಜರಿ ಪುಸ್ತಕದಲ್ಲಿ ೪೭೩ ಸಹಿ. ಅಂಗಳದಲ್ಲಿ ಜಾಗ ಸಾಲದೆ ಗೋಡೆಯ ಮೇಲೂ ಕುಳಿತಿದ್ದರು. ಮಾಣಿಕರಾವ್ ಎರಡು ಸಲ ಎಣಿಸಿದರು.

ನಡಾವಳಿ ಓದುತ್ತ ಮಾರ್ಚಿನ ಹತ್ತಿರ ಬಂದೆ. ಎರಡು ಪುಟ ಒಟ್ಟಿಗೆ ಹಿಡಿದೇ ಇದ್ದೆ. ತಲೆ ಎತ್ತಿದಾಗ ಕೊನೆಯ ಸಾಲಿನಲ್ಲಿ, ಬೇವಿನ ಮರದ ಕೆಳಗೆ, ಭಾಲಚಂದ್ರ ಅವರು ಅಕ್ಕನ ಪಕ್ಕ ಕುಳಿತಿದ್ದು ಕಾಣಿಸಿತು. ಅವರು ಏನನ್ನೂ ಕೇಳುವವರಂತೆ ನೋಡುತ್ತಿರಲಿಲ್ಲ. ಅಕ್ಕನಿಗೆ ಬಿಸಿಲು ತಾಗದಂತೆ ಪೇಪರು ಹಿಡಿದಿದ್ದರು.

ಓದಿದೆ. ವಿಶ್ವಾಸದ್ರೋಹ ಎಂಬ ಶಬ್ದವನ್ನೂ ಓದಿದೆ. ಆಮೇಲೆ, ಇದು ಸುಳ್ಳು, ಬರೆದವಳು ನಾನು, ಎಂದು ಶುರು ಮಾಡಿ ಎಲ್ಲ ಹೇಳಿದೆ. ಗುಂಡಿಯ ಮಾತು ಬಂದಾಗ ಅಲ್ಲಲ್ಲಿ ನಗು ಬಂತು. ಐವತ್ತೊಂದು ಕಾಗದ ತಡವಾಗಿ ಹೋದದ್ದನ್ನು ಹೇಳಿದಾಗ ನಗು ನಿಂತಿತು.

ಮಾಣಿಕರಾವ್ ಎದ್ದರು. "ನೋಟಿಸ್ ವ್ಯಾಳ್ಯಾಕ್ಕ ಮುಟ್ಟಿಲ್ಲಂದ್ರ ಸಭೆ ಹ್ಯಾಂಗ ನಡೀತದರಿ ಬಾಯಾರ? ಕಾನೂನು ಕಾನೂನೇ."

ಹುಡುಗಿಯರು ಅಡುಗೆಮನೆಯ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು.

ಫಕ್ರುನ್ನಿಸಾ ಎದ್ದು ನಿಂತಳು. "ಆ ಐವತ್ತೊಂದು ಮಂದಿಗೇ ಕೇಳ್ರಿ. ಬಾಯಾರ, ಹೆಸರು ಓದ್ರಿ. ಇದ್ದವರು ತಕರಾರು ಅದನೋ ಇಲ್ಲೋ ಹೇಳ್ಲಿ."

ಓದಿದೆ. ಒಬ್ಬೊಬ್ಬರೇ ಎದ್ದರು. "ಇದ್ದೇನ್ರಿ, ತಕರಾರಿಲ್ಲ." "ಇದ್ದೇನಿ. ಕಾಗದ ತಡ ಆದರೂ ಓದಿ ಅತ್ತೇನ್ರಿ." ಐವತ್ತೊಂದರಲ್ಲಿ ನಲವತ್ತೇಳು ಜನ ಅಲ್ಲೇ ಇದ್ದರು. ಬರಲಾಗದ ನಾಲ್ವರು ಮತ ಕಳಿಸಲು ಬರುತ್ತದೆಯೇ ಎಂದು ನನಗೆ ಬರೆದಿದ್ದ ಉತ್ತರಗಳೂ ಇದ್ದವು, ಅವನ್ನೂ ಓದಿದೆ. ಮಾಣಿಕರಾವ್ ಹಾಜರಿ ಪುಸ್ತಕವನ್ನು ಇನ್ನೊಮ್ಮೆ ತಿರುವಿದರು. ಆಮೇಲೆ, "ಇಷ್ಟು ಮಂದಿ ಬರ್ತಾರ ಅಂತ ನನಗ ಖರೇ ಅನಸಿದ್ದಿಲ್ರಿ. ನಡೀಲಿ," ಎಂದು ಕುಳಿತರು. ಇದರಲ್ಲಿ ಏನೋ ಇದೆಯೇ ಎಂದು ಯೋಚಿಸಲು ನನಗೆ ಪುರುಸೊತ್ತೂ ಇರಲಿಲ್ಲ.

ಹಾಸ್ಟೆಲ್ ಉಳಿಯಿತು. ಕೈ ಎತ್ತದವರು ಹದಿನಾರು ಜನ.

ಇವತ್ತಿನ ನಡಾವಳಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಪುಸ್ತಕವನ್ನು ಫಕ್ರುನ್ನಿಸಾಳ ಕೈಗೆ ಕೊಟ್ಟು, ನಾನು ಹೇಳಿದ್ದೆಲ್ಲ ಬರಿ, ಏನೂ ಬಿಡಬೇಡ ಎಂದೆ. ಅವಳು ನನ್ನ ತಪ್ಪನ್ನೆಲ್ಲ ಪಾಪ ಸಣ್ಣ ಅಕ್ಷರದಲ್ಲಿ ಬರೆದಳು. ಆಮೇಲೆ ಪೆನ್ನು ಎತ್ತಿ ಕೇಳಿದಳು: "ಭಾಲಚಂದ್ರ ಸರ್ ಬಗ್ಗೆ ಏನು ಬರೀಲಿ ಬಾಯಾರ? ನಿರಪರಾಧಿ ಅಂತಲೋ, ಮಾಫ್ ಮಾಡಿದರು ಅಂತಲೋ?"

ಹಿಂದಿನಿಂದ ಅವರೇ ಹೇಳಿದರು.

"ಹಾಜರಿದ್ದರು ಅಂತ ಬರೀರಿ. ಅಷ್ಟೇ ಸಾಕು."